ಪೋರ್ಟಲ್, ಗೂಗಲ್, ಫೇಸ್‌ಬುಕ್, ವಾಟ್ಸಾಪ್: ರಿಯಲ್ ಎಸ್ಟೇಟ್ ಏಜೆಂಟರು ಪ್ರಚಾರದ ದುಡ್ಡನ್ನು ಎಲ್ಲಿ ಹಾಕಬೇಕು?

ಒಬ್ಬರೇ ಅಥವಾ ಇಬ್ಬರು ಹುಡುಗರನ್ನು ಇಟ್ಟುಕೊಂಡು ಸೈಟು, ಮನೆ, ಫ್ಲಾಟು ಕೊಡಿಸುವ ಏಜೆಂಟರಿಗೆ ಆನ್‌ಲೈನ್ ಪ್ರಚಾರ ಮಾರುವವರ ಫೋನು ಬರುತ್ತಲೇ ಇರುತ್ತದೆ. ಒಬ್ಬರು ಪೋರ್ಟಲ್‌ನ (ಆಸ್ತಿ ಮಾರಾಟ, ಬಾಡಿಗೆಯ ಜಾಲತಾಣದ) ವರ್ಷದ ಪ್ಯಾಕೇಜು ಕಟ್ಟಿ ಎನ್ನುತ್ತಾರೆ. ಇನ್ನೊಬ್ಬರು ಫೇಸ್‌ಬುಕ್‌ನಿಂದ ತಿಂಗಳಿಗೆ ಇನ್ನೂರು ಲೀಡ್ (ಆಸಕ್ತರ ಹೆಸರು, ಫೋನ್ ನಂಬರು) ಗ್ಯಾರಂಟಿ ಎನ್ನುತ್ತಾರೆ. ಮತ್ತೊಬ್ಬರು ವೆಬ್‌ಸೈಟ್ ಇಲ್ಲದಿದ್ದರೆ ಈ ಕಾಲದಲ್ಲಿ ವ್ಯಾಪಾರವೇ ಇಲ್ಲ ಎಂದು ಹೆದರಿಸುತ್ತಾರೆ. ಇವುಗಳಲ್ಲಿ ಯಾವುದೂ ಎಲ್ಲರಿಗೂ ಸರಿಹೊಂದುವುದಿಲ್ಲ, ಯಾವುದೂ ಪೂರ್ತಿ ದಂಡವೂ ಅಲ್ಲ. ನೀವು ಮಾರುವ ಸರಕು ಯಾವುದು, ಬಂದ ಫೋನನ್ನು ಎಷ್ಟು ಬೇಗ ಎತ್ತಬಲ್ಲಿರಿ ಎಂಬ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆ.

ಹೋಲಿಸುವ ಅಳತೆಗೋಲನ್ನು ಮೊದಲು ಸರಿಮಾಡಿಕೊಳ್ಳೋಣ. ಲೀಡ್‌ಗೆ ಎಷ್ಟು ಬಿತ್ತು ಎಂದು ನೋಡುವುದು ತಪ್ಪು ದಾರಿಗೆ ಎಳೆಯುತ್ತದೆ. ಪಾರ್ಟಿ ಜಾಗಕ್ಕೆ ಬಂದು ನೋಡಿದ ಒಂದು ಸೈಟ್ ವಿಸಿಟ್‌ಗೆ ಎಷ್ಟು ಖರ್ಚಾಯಿತು ಎಂದು ನೋಡಬೇಕು. ಲೆಕ್ಕ ತೋರಿಸಲೆಂದು ಕೆಲವು ಅಂಕಿ ಹಾಕಿಕೊಳ್ಳೋಣ: ಫೇಸ್‌ಬುಕ್‌ಗೆ 15,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 17,700. ನೂರು ಲೀಡ್ ಬಂದರೆ ಒಂದಕ್ಕೆ 177 ರೂಪಾಯಿ, ಅಗ್ಗ ಎನಿಸುತ್ತದೆ. ಆದರೆ ಅದರಲ್ಲಿ ಆರು ಮಂದಿ ಮಾತ್ರ ಸೈಟು ನೋಡಲು ಬಂದರೆ ವಿಸಿಟ್‌ಗೆ 2,950. ಅದೇ 17,700ಕ್ಕೆ ಗೂಗಲ್‌ನಿಂದ ಇಪ್ಪತ್ತೇ ಫೋನ್ ಬಂದು, ಎಂಟು ಮಂದಿ ಜಾಗ ನೋಡಿದರೆ ವಿಸಿಟ್‌ಗೆ ಸುಮಾರು 2,212. ಮೊದಲ ನೋಟಕ್ಕೆ ಐದು ಪಟ್ಟು ದುಬಾರಿಯಾಗಿ ಕಂಡದ್ದೇ ಕೊನೆಗೆ ಅಗ್ಗ. ನಿಮ್ಮ ಊರಿನಲ್ಲಿ ಅಂಕಿಗಳು ಬೇರೆ ಬರುತ್ತವೆ, ಲೆಕ್ಕ ಹಾಕುವ ರೀತಿ ಮಾತ್ರ ಇದೇ.

ಒಂದು ರೂಪಾಯಿ ಖರ್ಚು ಮಾಡುವ ಮುಂಚೆ

ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2016ರ ರೇರಾ ಕಾಯ್ದೆಯ 9ನೇ ಕಲಂ ಪ್ರಕಾರ, ನೋಂದಾಯಿತ ಯೋಜನೆಯ ಫ್ಲಾಟು, ಸೈಟು ಕೊಡಿಸುವ ಏಜೆಂಟರು ತಾವೂ ನೋಂದಣಿ ಮಾಡಿಸಿರಬೇಕು. ಯೋಜನೆಗೇ ನೋಂದಣಿ ಆಗದಿದ್ದರೆ, 10ನೇ ಕಲಂ ಪ್ರಕಾರ ಏಜೆಂಟರು ಅದರ ಮಾರಾಟಕ್ಕೆ ಕೈ ಹಾಕುವಂತೆಯೇ ಇಲ್ಲ. ಉಲ್ಲಂಘಿಸಿದರೆ ದಿನಕ್ಕೆ 10,000 ರೂಪಾಯಿ ದಂಡ; ಅದು ಆ ಆಸ್ತಿಯ ಬೆಲೆಯ ಶೇ 5ರವರೆಗೂ ಬೆಳೆಯಬಹುದು. ಫ್ಲಾಟುಗಳಷ್ಟೇ ಅಲ್ಲ, ಸೈಟುಗಳ ಲೇಔಟೂ ಇದರಡಿ ಬರುತ್ತದೆ. ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆಗಳ ಸಂಖ್ಯೆ ಎಂಟನ್ನು ದಾಟದಿದ್ದರೆ ವಿನಾಯಿತಿ ಇದೆ.

ಪೇಪರಿನಲ್ಲಿ ಬಂದರೆ ಮಾತ್ರ ಜಾಹೀರಾತು, ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕಿದರೆ ಅಲ್ಲ ಎಂದು ಅನೇಕರು ನಂಬಿದ್ದಾರೆ. ಕಾಯ್ದೆಯ ವ್ಯಾಖ್ಯೆ ಯಾವುದೇ ಮಾಧ್ಯಮದ, ಯಾವುದೇ ರೂಪದ ಪ್ರಚಾರವನ್ನೂ ಜಾಹೀರಾತು ಎಂದೇ ಎಣಿಸುತ್ತದೆ. ಹಾಗಾಗಿ 'ಪ್ರೀ ಲಾಂಚ್ ಆಫರ್, ಮೊದಲ ಐವತ್ತು ಸೈಟಿಗೆ ಮಾತ್ರ' ಎಂಬ ಪೋಸ್ಟರನ್ನು ಬಿಲ್ಡರ್ ಕಡೆಯಿಂದ ಬಂದ ಕೂಡಲೇ ಮುಂದಕ್ಕೆ ಕಳಿಸಬೇಡಿ. ಕೆ-ರೇರಾ (ಕರ್ನಾಟಕದ ರೇರಾ ಪ್ರಾಧಿಕಾರ) ಜಾಲತಾಣದಲ್ಲಿ ಯೋಜನೆಯ ಹೆಸರು ಹಾಕಿ ಹುಡುಕಿ, ನೋಂದಣಿ ಸಂಖ್ಯೆ ಸಿಕ್ಕಿದರೆ ಮಾತ್ರ ಪ್ರಚಾರ ಶುರು ಮಾಡಿ. ಆ ಸಂಖ್ಯೆಯ ಜೊತೆಗೆ ನಿಮ್ಮ ಏಜೆಂಟ್ ಸಂಖ್ಯೆಯೂ ಎಲ್ಲ ಪೋಸ್ಟರು, ವಿಡಿಯೊ ವಿವರಣೆ, ಲಿಸ್ಟಿಂಗ್‌ಗಳಲ್ಲಿ ಓದಲು ಬರುವ ಗಾತ್ರದಲ್ಲಿ ಇರಲಿ. ಕೊಳ್ಳುವವರಲ್ಲಿ ಈಗ ಬಹಳ ಜನ ಅದನ್ನು ಪರೀಕ್ಷಿಸಿಯೇ ಫೋನ್ ಮಾಡುತ್ತಾರೆ.

ಭೂಪರಿವರ್ತನೆ ಆಗದ (ದಾಖಲೆಯಲ್ಲಿ ಇನ್ನೂ ಕೃಷಿ ಜಮೀನೇ ಆಗಿರುವ) ರೆವಿನ್ಯೂ ಜಾಗವನ್ನು ಬರೀ 'ಸೈಟು' ಎಂದು ಹಾಕುವುದೂ ಇಷ್ಟೇ ಅಪಾಯ. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತಾ (ಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ರೂಪ) ಬೇಕೇ ಬೇಕು. ಖಾತೆ ಯಾವುದೆಂದು ಬರೆಯದ ಜಾಹೀರಾತಿಗೆ ಬರುವ ಮೊದಲ ಪ್ರಶ್ನೆಯೇ ಅದು. ಎ ಖಾತಾ, ಬಿ ಖಾತಾ (ಅನುಮೋದನೆಯಲ್ಲಿ ಕೊರತೆಯಿರುವ ಆಸ್ತಿಯ ಖಾತೆ), ಇ-ಸ್ವತ್ತು (ಗ್ರಾಮ ಪಂಚಾಯಿತಿಯ ಆಸ್ತಿ ದಾಖಲೆ), ಪ್ರಾಧಿಕಾರದ ಅನುಮೋದನೆ, ಇವುಗಳಲ್ಲಿ ಏನಿದೆಯೋ ಅದನ್ನೇ ಬರೆಯಿರಿ. ಬಿ ಖಾತಾ ಎಂದು ನೇರವಾಗಿ ಬರೆದರೆ ಫೋನುಗಳು ಕಡಿಮೆಯಾಗುತ್ತವೆ ನಿಜ, ಆದರೆ ಸೈಟಿಗೆ ಬಂದು ಜಗಳವಾಡಿ ಹೋಗುವವರೂ ಕಡಿಮೆಯಾಗುತ್ತಾರೆ.

ಪೋರ್ಟಲ್‌ಗಳು

99ಏಕರ್ಸ್, ಮ್ಯಾಜಿಕ್‌ಬ್ರಿಕ್ಸ್, ಹೌಸಿಂಗ್ ಡಾಟ್ ಕಾಮ್‌ಗೆ ಬರುವವರು ಆಗಲೇ ಹುಡುಕಾಟದಲ್ಲಿ ಇರುವವರು. ಇದು ಪೋರ್ಟಲ್‌ನ ದೊಡ್ಡ ಬಲ. ಅವರು ಒಂದೇ ಸಂಜೆ ನಾಲ್ಕೈದು ಏಜೆಂಟರಿಗೆ ವಿಚಾರಣೆ ಕಳಿಸುತ್ತಾರೆ ಎಂಬುದು ಅದರ ದೌರ್ಬಲ್ಯ. ಆದ್ದರಿಂದ ಪೋರ್ಟಲ್ ಲೀಡ್‌ಗೆ ಆಯಸ್ಸು ಕಡಿಮೆ. ಹತ್ತು ನಿಮಿಷದೊಳಗೆ ಫೋನ್ ಮಾಡುವವರಿಗೆ ಮಾತ್ರ ಇದು ಕೆಲಸಕ್ಕೆ ಬರುತ್ತದೆ. ಹಗಲೆಲ್ಲ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕಳೆದು ರಾತ್ರಿ ಲೀಡ್ ತೆರೆದು ನೋಡುವವರು ಇದಕ್ಕೆ ದುಡ್ಡು ಕಟ್ಟುವ ಮೊದಲು ಫೋನ್ ಎತ್ತಲು ಒಬ್ಬರನ್ನು ಇಟ್ಟುಕೊಳ್ಳಬೇಕು.

ರೀಸೇಲ್ ಫ್ಲಾಟು, ಬಾಡಿಗೆ ಮನೆ, ಲೀಸ್ ಮನೆಗಳಿಗೆ ಪೋರ್ಟಲ್ ಒಳ್ಳೆಯ ಜಾಗ. ಬೆಂಗಳೂರಿನಲ್ಲಂತೂ ಇವುಗಳಿಗೆ ಅದನ್ನು ಬಿಟ್ಟು ಶುರು ಮಾಡುವುದು ಕಷ್ಟ. ಸಣ್ಣ ಊರುಗಳಲ್ಲಿ ಹಾಗಿಲ್ಲ. ಪ್ಯಾಕೇಜು ಕೊಳ್ಳುವ ಮುಂಚೆ ನೀವೇ ಗಿರಾಕಿಯಂತೆ ಪೋರ್ಟಲ್ ತೆರೆದು, ಉದಾಹರಣೆಗೆ ಮೈಸೂರಿನ ವಿಜಯನಗರ 4ನೇ ಹಂತ, 30x40 ಸೈಟು ಎಂದು ಹುಡುಕಿ. ಮೊದಲ ಪುಟದ ಲಿಸ್ಟಿಂಗ್‌ಗಳ ದಿನಾಂಕ ನೋಡಿ. ಬಹುಪಾಲು ಕೆಲವು ತಿಂಗಳಷ್ಟು ಹಳೆಯವಾಗಿದ್ದರೆ ಅಲ್ಲಿ ಓಡಾಟ ಕಡಿಮೆ ಎಂದೇ ತಿಳಿಯಬೇಕು. ಒಂದೇ ಸೈಟನ್ನು ನಾಲ್ಕು ಏಜೆಂಟರು ನಾಲ್ಕು ಬೆಲೆಗೆ ಹಾಕಿದ್ದರೆ ಪೈಪೋಟಿ ಬೆಲೆಯ ಮೇಲೇ ನಿಂತಿದೆ ಎಂದರ್ಥ.

ಮಾರಾಟ ಪ್ರತಿನಿಧಿಯ ಬಾಯಿಮಾತನ್ನು ನಂಬದೆ ಇಮೇಲ್‌ನಲ್ಲಿ ಬರೆಸಿಕೊಳ್ಳಬೇಕಾದವು ಇವು: ಎಷ್ಟು ಲಿಸ್ಟಿಂಗ್ ಏಕಕಾಲಕ್ಕೆ ಇರಬಹುದು, ಒಂದು ಮಾರಾಟವಾದರೆ ಅದೇ ಜಾಗಕ್ಕೆ ಹೊಸದನ್ನು ಹಾಕಬಹುದೇ, 'ಫೀಚರ್ಡ್' ಎಂದರೆ ಯಾವ ಬಡಾವಣೆಯ ಹುಡುಕಾಟದಲ್ಲಿ ಮೇಲೆ ಬರುತ್ತದೆ, ವಿಚಾರಣೆ ಮಾಡಿದವರ ನಂಬರು ನಮಗೆ ಮಾತ್ರ ಬರುತ್ತದೆಯೇ, ಬೇರೆಯವರಿಗೂ ಹೋಗುತ್ತದೆಯೇ, ಸುಳ್ಳು ನಂಬರಿನ ಲೀಡ್‌ಗೆ ಬದಲಿ ಉಂಟೇ, ಅವಧಿ ಮುಗಿದ ಮೇಲೆ ತಾನಾಗಿ ನವೀಕರಣವಾಗುತ್ತದೆಯೇ. ರಿಯಾಯಿತಿ ಎಷ್ಟೇ ದೊಡ್ಡದಿರಲಿ, ಮೊದಲ ಸಲ ಮೂರು ತಿಂಗಳಿಗಿಂತ ಹೆಚ್ಚಿಗೆ ಕಟ್ಟಬೇಡಿ. ವರ್ಷದ ಪ್ಯಾಕೇಜಿನ ಉಳಿತಾಯಕ್ಕಿಂತ, ಬೇಡವೆನಿಸಿದಾಗ ಬಿಡುವ ಸ್ವಾತಂತ್ರ್ಯದ ಬೆಲೆ ದೊಡ್ಡದು.

ಲಿಸ್ಟಿಂಗ್ ಬರೆಯುವುದರಲ್ಲೇ ಅರ್ಧ ಫಲ ಇದೆ. 'ಸೂಪರ್ ಲೊಕೇಶನ್, ಅರ್ಜೆಂಟ್ ಸೇಲ್' ಎಂಬ ಶೀರ್ಷಿಕೆ ಯಾರಿಗೂ ಏನನ್ನೂ ಹೇಳುವುದಿಲ್ಲ. '30x40 ಪೂರ್ವಾಭಿಮುಖ ಸೈಟು, ಎ ಖಾತಾ, 40 ಅಡಿ ರಸ್ತೆ, ಬಸ್ ನಿಲ್ದಾಣಕ್ಕೆ 600 ಮೀಟರ್' ಎಂದರೆ ಬೇಕಾದವರು ನಿಲ್ಲುತ್ತಾರೆ. ಬೆಲೆಯ ಜಾಗ ಖಾಲಿ ಬಿಟ್ಟರೆ ಬಜೆಟ್ ಫಿಲ್ಟರ್ ಹಾಕಿ ಹುಡುಕುವವರ ಕಣ್ಣಿಗೆ ಬೀಳುವ ಸಾಧ್ಯತೆ ಕಡಿಮೆ. ಫ್ಲಾಟಿನ ಕಾರ್ಪೆಟ್ ಏರಿಯಾ (ಮನೆಯೊಳಗೆ ಬಳಸಲು ಸಿಗುವ ಜಾಗ) ಮತ್ತು ಸೂಪರ್ ಬಿಲ್ಟ್ ಅಪ್ ಏರಿಯಾ (ಮೆಟ್ಟಿಲು, ಲಿಫ್ಟಿನಂಥ ಹಂಚಿಕೆಯ ಜಾಗವೂ ಸೇರಿದ್ದು) ಎರಡನ್ನೂ ಬೇರೆ ಬೇರೆಯಾಗಿ ಬರೆಯಿರಿ; ಒಂದನ್ನು ಇನ್ನೊಂದರ ಜಾಗದಲ್ಲಿ ಹಾಕಿದರೆ ಚದರಡಿಯ ಬೆಲೆ ತಪ್ಪಾಗಿ ಕಂಡು ಗಿರಾಕಿ ಮುಂದಕ್ಕೆ ಹೋಗುತ್ತಾರೆ. ಫೋಟೊ ತೆಗೆಯುವಾಗ ಫೋನನ್ನು ಅಡ್ಡಲಾಗಿ ಎದೆಯ ಎತ್ತರದಲ್ಲಿ ಹಿಡಿಯಿರಿ, ಕಿಟಕಿ ಬೆನ್ನಿಗಿರಲಿ, ಎಲ್ಲ ದೀಪ ಹಾಕಿ, ಕಮೋಡ್ ಮುಚ್ಚಳ ಮುಚ್ಚಿ, ಒಗೆದು ಹಾಕಿದ ಬಟ್ಟೆ ತೆಗೆಸಿ. ಖಾಲಿ ಸೈಟಾದರೆ ಮುಂದಿನ ರಸ್ತೆ, ನಾಲ್ಕು ಮೂಲೆಯ ಕಲ್ಲು, ಅಕ್ಕಪಕ್ಕದ ಮನೆ, ವಿದ್ಯುತ್ ಕಂಬ ಕಾಣುವಂತೆ ಐದಾರು ಚಿತ್ರ ಸಾಕು. ಮಾರಾಟವಾದ ದಿನವೇ ಲಿಸ್ಟಿಂಗ್ ತೆಗೆಯಿರಿ. 'ಅದು ಹೋಯಿತು, ಬೇರೆ ತೋರಿಸುತ್ತೇನೆ' ಎಂದು ಎಳೆಯಲು ಹಳೆಯದನ್ನು ಇಟ್ಟುಕೊಳ್ಳುವ ಅಭ್ಯಾಸ ಈ ವೃತ್ತಿಗೆ ಕೆಟ್ಟ ಹೆಸರು ತಂದಿದೆ.

ನೋಬ್ರೋಕರ್ ಹೆಸರೇ ಹೇಳುವಂತೆ ಮಾಲೀಕರು ನೇರವಾಗಿ ವ್ಯವಹರಿಸುವ ಜಾಗ. ಅಲ್ಲಿ ಮಾಲೀಕರಂತೆ ನಟಿಸಿ ಹಾಕುವುದು ನಿಯಮಕ್ಕೂ ವಿರುದ್ಧ, ಗಿರಾಕಿಯ ನಂಬಿಕೆಗೂ ವಿರುದ್ಧ. ಬಿಟ್ಟುಬಿಡಿ. ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ಗಳು ಸಣ್ಣ ಊರಿನ ಬಿಡಿ ಸೈಟು, ಬಾಡಿಗೆ ಮನೆಗೆ ಪರವಾಗಿಲ್ಲ. ಚೌಕಾಸಿಯ ಮೆಸೇಜುಗಳಿಗೆ ಉತ್ತರಿಸುವ ತಾಳ್ಮೆ ಬೇಕು.

ಗೂಗಲ್ ಹುಡುಕಾಟದ ಜಾಹೀರಾತು

ಲೀಡ್‌ಗೆ ದುಬಾರಿ, ಗುಣದಲ್ಲಿ ಮೇಲು. ವಿಲ್ಲಾ, ವಾಣಿಜ್ಯ ಮಳಿಗೆ, ಒಂದು ನಿರ್ದಿಷ್ಟ ಬಡಾವಣೆಯ ಫ್ಲಾಟು, ಹೀಗೆ ಕಮಿಷನ್ ದೊಡ್ಡದಿರುವ ಕಡೆ ಇದು ಲಾಭ ತರುತ್ತದೆ. ಬಾಡಿಗೆ ಮನೆಗೆ ಇದರ ಖರ್ಚು ಗಿಟ್ಟುವುದಿಲ್ಲ. ಒಂದು ತಿಂಗಳ ಬಾಡಿಗೆಯಷ್ಟು ಕಮಿಷನ್‌ನಲ್ಲಿ ಕ್ಲಿಕ್ಕುಗಳ ದುಡ್ಡನ್ನು ತೆಗೆದರೆ ಉಳಿಯುವುದು ಅಲ್ಪ.

ಖಾತೆ ತೆರೆದಾಗ ಗೂಗಲ್ ತಾನಾಗಿ ಟಿಕ್ ಹಾಕಿಡುವ ಆಯ್ಕೆಗಳಲ್ಲೇ ಹೆಚ್ಚಿನ ದುಡ್ಡು ಸೋರುವುದು. ಸರ್ಚ್ ಕ್ಯಾಂಪೇನ್ ಮಾಡುವಾಗ ಡಿಸ್‌ಪ್ಲೇ ನೆಟ್‌ವರ್ಕ್‌ನ (ಬೇರೆ ಜಾಲತಾಣ, ಆ್ಯಪ್‌ಗಳಲ್ಲಿ ತೋರಿಸುವುದು) ಟಿಕ್ ತೆಗೆಯಿರಿ, ಸರ್ಚ್ ಪಾರ್ಟ್‌ನರ್ಸ್‌ನ (ಗೂಗಲ್ ಹೊರಗಿನ ಹುಡುಕಾಟದ ತಾಣಗಳು) ಟಿಕ್ಕನ್ನೂ ತೆಗೆಯಿರಿ. ಸ್ಥಳದ ಆಯ್ಕೆಯಲ್ಲಿ 'ಇಲ್ಲಿ ಇರುವವರು ಅಥವಾ ಆಸಕ್ತಿ ತೋರಿದವರು' ಎಂಬುದು ಮೊದಲೇ ಇರುತ್ತದೆ. ಸ್ಥಳೀಯ ಗಿರಾಕಿಗಳೇ ಬೇಕಿದ್ದರೆ ಅದನ್ನು 'ಇಲ್ಲಿ ಇರುವವರು' ಎಂದು ಬದಲಿಸಿ. ಬೇರೆ ಊರಿನಲ್ಲಿದ್ದು ಇಲ್ಲಿ ಕೊಳ್ಳುವವರು ಬೇಕಾದರೆ ಆ ಊರುಗಳಿಗೆ ಪ್ರತ್ಯೇಕ ಕ್ಯಾಂಪೇನ್ ಇರಲಿ. ಆಗ ಯಾವುದು ಫಲ ಕೊಟ್ಟಿತು ಎಂದು ತಿಳಿಯುತ್ತದೆ.

ಯಾವ ಹುಡುಕಾಟಕ್ಕೆ ಜಾಹೀರಾತು ಬರಬೇಕೆಂದು ನೀವು ಕೊಡುವ ಪದಗಳೇ ಕೀವರ್ಡ್. ಅವನ್ನು ಬ್ರಾಡ್ ಮ್ಯಾಚ್‌ನಲ್ಲಿ (ಸಂಬಂಧವಿದೆ ಎನಿಸಿದ ಹುಡುಕಾಟಕ್ಕೆಲ್ಲ ತೋರಿಸುವುದು) ಬಿಡಬೇಡಿ; ಅದಕ್ಕಿಂತ ಬಿಗಿಯಾದ ಫ್ರೇಸ್ ಅಥವಾ ಎಕ್ಸಾಕ್ಟ್ ಮ್ಯಾಚ್ ಇರಲಿ. ನಮ್ಮಲ್ಲಿ ಪ್ಲಾಟಿಗೆ ಸೈಟು ಎನ್ನುವುದರಿಂದ ಒಂದು ವಿಶೇಷ ತೊಂದರೆಯಿದೆ. ಬ್ರಾಡ್ ಮ್ಯಾಚ್‌ನಲ್ಲಿ 'ಸೈಟ್ ಹುಬ್ಬಳ್ಳಿ' ಎಂದು ಹಾಕಿದರೆ ಸೈಟ್ ಎಂಜಿನಿಯರ್ ಕೆಲಸ ಹುಡುಕುವವರು, ವೆಬ್‌ಸೈಟ್ ಮಾಡಿಸುವವರು ಕೂಡ ನಿಮ್ಮ ದುಡ್ಡಿನಲ್ಲಿ ಕ್ಲಿಕ್ ಮಾಡಬಹುದು. ಹಾಗಾಗಿ ನೆಗೆಟಿವ್ ಪಟ್ಟಿಗೆ (ಈ ಪದವಿದ್ದರೆ ಜಾಹೀರಾತು ತೋರಿಸಬೇಡ ಎನ್ನುವ ಪಟ್ಟಿ) ಎಂಜಿನಿಯರ್, ಜಾಬ್, ಸಂಬಳ, ವೆಬ್, ಬಾಡಿಗೆ, ಪಿಜಿ, ಲೋನ್, ಮ್ಯಾಪ್, ಡೌನ್‌ಲೋಡ್, ಇಸಿ (ಋಣಭಾರ ಪತ್ರ), ಇ-ಖಾತಾ, ಗೈಡೆನ್ಸ್ ವ್ಯಾಲ್ಯೂ (ಸರ್ಕಾರದ ಮಾರ್ಗಸೂಚಿ ಬೆಲೆ) ಮುಂತಾದವನ್ನು ಮೊದಲ ದಿನವೇ ಸೇರಿಸಿ. ಇಂಗ್ಲಿಷಿನಲ್ಲಿ ಏಕವಚನ, ಬಹುವಚನ ಎರಡನ್ನೂ ಹಾಕಬೇಕು. ನೆಗೆಟಿವ್ ಕೀವರ್ಡ್‌ಗಳಿಗೆ ಗೂಗಲ್ ಅವೆರಡನ್ನು ತಾನಾಗಿ ಹೊಂದಿಸುವುದಿಲ್ಲ. ಊರಿನ ಹೆಸರನ್ನು ಹಳೆಯ, ಹೊಸ ಕಾಗುಣಿತಗಳೆರಡರಲ್ಲೂ ಹಾಕಿ: ಮೈಸೂರ್, ಮೈಸೂರು, ಬೆಳಗಾಂ, ಬೆಳಗಾವಿ. ಜನ ಈಗಲೂ ಎರಡನ್ನೂ ಟೈಪ್ ಮಾಡುತ್ತಾರೆ. ವಾರಕ್ಕೊಮ್ಮೆ 'ಸರ್ಚ್ ಟರ್ಮ್ಸ್' ವರದಿ ತೆರೆದು, ಸಂಬಂಧವಿಲ್ಲದ ಹುಡುಕಾಟಗಳನ್ನು ನೆಗೆಟಿವ್‌ಗೆ ಹಾಕುವ ಕೆಲಸವನ್ನು ಎಂದೂ ತಪ್ಪಿಸಬೇಡಿ.

ಜಾಹೀರಾತಿಗೆ 15 ಶೀರ್ಷಿಕೆ, ತಲಾ 30 ಅಕ್ಷರ. 4 ವಿವರಣೆ, ತಲಾ 90 ಅಕ್ಷರ. ಕನ್ನಡದಲ್ಲಿ ಬರೆದರೆ ಗುಣಿತದ ಚಿಹ್ನೆ, ಒತ್ತಕ್ಷರಗಳೂ ಎಣಿಕೆಗೆ ಬರುವುದರಿಂದ ಜಾಗ ಬೇಗ ಮುಗಿಯುತ್ತದೆ. 'ಬೋಗಾದಿ 30x40 ಸೈಟು' ಎಂಬಂತೆ ಮೊಟಕಾಗಿ ಬರೆಯಿರಿ. ಬಿಲ್ಡರ್‌ನ ಬ್ರ್ಯಾಂಡ್ ಹೆಸರನ್ನು ಬಳಸುವ ಮುಂಚೆ ಅವರ ಒಪ್ಪಂದ ಓದಿ. ಅನೇಕ ಬಿಲ್ಡರ್‌ಗಳು ಚಾನೆಲ್ ಪಾರ್ಟ್‌ನರ್‌ಗಳಿಗೆ (ತಮ್ಮ ಯೋಜನೆ ಮಾರಿಕೊಡುವ ಏಜೆಂಟರಿಗೆ) ಅದನ್ನು ನಿಷೇಧಿಸಿರುತ್ತಾರೆ. ಟ್ರೇಡ್‌ಮಾರ್ಕ್ ದೂರು ಬಂದರೆ ಗೂಗಲ್ ಜಾಹೀರಾತನ್ನು ತಡೆಯುತ್ತದೆ.

ದಿನಕ್ಕೆ 500 ರೂಪಾಯಿ ಎಂದು ಹಾಕಿದರೆ ಒಂದು ದಿನ 1,000ದವರೆಗೂ ಖರ್ಚಾಗಬಹುದು, ಗಾಬರಿ ಬೇಡ, ತಿಂಗಳಿಗೆ 30.4 ಪಟ್ಟು, ಅಂದರೆ 15,200 ದಾಟದು. ಜಿಎಸ್‌ಟಿ ಬೇರೆ. ನಿಮ್ಮ ಜಿಎಸ್‌ಟಿ ಸಂಖ್ಯೆಯನ್ನು ಖಾತೆಯಲ್ಲಿ ಹಾಕಿದ್ದರೆ ಇನ್‌ಪುಟ್ ಕ್ರೆಡಿಟ್ (ಇಲ್ಲಿ ಕಟ್ಟಿದ ತೆರಿಗೆಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯುವುದು) ಪಡೆಯಬಹುದು, ಹಲವರು ಇದನ್ನು ಮರೆಯುತ್ತಾರೆ. ನೀವು ಫೋನ್ ಎತ್ತುವ ಹೊತ್ತಿನಲ್ಲಿ ಮಾತ್ರ, ಉದಾಹರಣೆಗೆ ಬೆಳಿಗ್ಗೆ 9ರಿಂದ ರಾತ್ರಿ 8ರವರೆಗೆ, ಜಾಹೀರಾತು ಓಡುವಂತೆ ವೇಳೆ ನಿಗದಿ ಮಾಡಿ. ಒಂದು ನಿಮಿಷಕ್ಕಿಂತ ಹೆಚ್ಚು ನಡೆದ ಕರೆಯನ್ನು ಮಾತ್ರ 'ಕನ್ವರ್ಶನ್' (ಫಲ ಕೊಟ್ಟ ಕ್ಲಿಕ್) ಎಂದು ಎಣಿಸುವಂತೆ ಮಾಡಿದರೆ ಅಂಕಿಗಳಿಗೆ ಅರ್ಥ ಬರುತ್ತದೆ.

ಕ್ಲಿಕ್ ಮಾಡಿದವರು ಬಂದು ಇಳಿಯಲು ಒಂದು ಪುಟವಂತೂ ಬೇಕು. ಬೆಲೆ, ಅಳತೆ, ನಕ್ಷೆ, ನೋಂದಣಿ ಸಂಖ್ಯೆ, ಆರು ಫೋಟೊ, ಫೋನ್ ಮತ್ತು ವಾಟ್ಸಾಪ್ ಬಟನ್, ಅಷ್ಟೇ. ದೊಡ್ಡ ವೆಬ್‌ಸೈಟಿಗೆ ಲಕ್ಷಗಟ್ಟಲೆ ಕೊಡುವ ಅಗತ್ಯ ಒಂಟಿ ಏಜೆಂಟರಿಗಿಲ್ಲ. 'ವೈಟ್‌ಫೀಲ್ಡ್ ಫ್ಲಾಟ್' ಎಂಬ ಹುಡುಕಾಟದಲ್ಲಿ ನಿಮ್ಮ ಪುಟ ಪೋರ್ಟಲ್‌ಗಳನ್ನು ಹಿಂದೆ ಹಾಕುವುದು ಆಗದ ಮಾತು. ಒಂದು ನಿರ್ದಿಷ್ಟ ಲೇಔಟಿನ ಹೆಸರಿಗೆ ಮಾತ್ರ, ಆ ಲೇಔಟಿನ ಬಗ್ಗೆ ನಿಜವಾದ ವಿವರ ಬರೆದಿದ್ದರೆ, ಅದು ಮೇಲೆ ಬರಬಲ್ಲದು.

ಫೇಸ್‌ಬುಕ್, ಇನ್‌ಸ್ಟಾಗ್ರಾಂ

ಇಲ್ಲಿ ಜಾಹೀರಾತು ನೋಡುವವರು ಸೈಟು ಹುಡುಕಲು ಬಂದವರಲ್ಲ. ಅವರ ಕಣ್ಣಿಗೆ ಚಿತ್ರ ಬಿತ್ತು, ಬೆರಳು ಒತ್ತಿತು. ಆದ್ದರಿಂದ ಸಂಖ್ಯೆ ಜಾಸ್ತಿ, ಗಟ್ಟಿ ಗಿರಾಕಿ ಕಡಿಮೆ. ಐವತ್ತು ಸೈಟು ಇರುವ ಹೊಸ ಲೇಔಟು, ಹೊಸ ಅಪಾರ್ಟ್‌ಮೆಂಟು, ಹೀಗೆ ಒಂದೇ ಜಾಹೀರಾತಿಗೆ ಬಹಳ ಸರಕು ಇದ್ದಾಗ ಇದು ಚೆನ್ನ. ಒಂದೇ ಒಂದು ರೀಸೇಲ್ ಫ್ಲಾಟಿಗೆ ಇದರಲ್ಲಿ ಹಣ ಸುರಿಯಬೇಡಿ. ಜಾಹೀರಾತು ಹದಕ್ಕೆ ಬರುವ ಹೊತ್ತಿಗೆ ಫ್ಲಾಟು ಮಾರಾಟವಾಗಿರುತ್ತದೆ.

ಹದ ಎಂದರೆ ಏನೆಂದು ವಿವರಿಸಬೇಕು. ಮೆಟಾ (ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡರ ಒಡೆಯ ಕಂಪನಿ) ವ್ಯವಸ್ಥೆ ಯಾರಿಗೆ ತೋರಿಸಬೇಕೆಂದು ಕಲಿಯಲು ಒಂದು ಆಡ್ ಸೆಟ್‌ಗೆ (ಒಂದೇ ಬಗೆಯ ನೋಡುಗರಿಗೆ ಹಾಕುವ ಜಾಹೀರಾತುಗಳ ಗುಂಪು) ಏಳು ದಿನದಲ್ಲಿ ಸುಮಾರು 50 ಫಲಿತಾಂಶ ಬೇಕು. ಲೀಡ್‌ಗೆ 200 ರೂಪಾಯಿ ಬೀಳುತ್ತದೆ ಎಂದುಕೊಂಡರೆ ವಾರಕ್ಕೆ 10,000. ಸಣ್ಣ ಬಜೆಟ್ಟಿನವರು 15,000 ರೂಪಾಯಿಯನ್ನು ನಾಲ್ಕು ಆಡ್ ಸೆಟ್‌ಗೆ ಹಂಚಿದರೆ ಒಂದೂ ಕಲಿಕೆಯ ಹಂತ ದಾಟುವುದಿಲ್ಲ. ಒಂದೇ ಆಡ್ ಸೆಟ್ ಇಟ್ಟು, ಅದರೊಳಗೆ ಮೂರು ಬೇರೆ ಬೇರೆ ಚಿತ್ರ ಅಥವಾ ವಿಡಿಯೊ ಹಾಕಿ. ಎರಡು ದಿನಕ್ಕೊಮ್ಮೆ ಬಜೆಟ್ಟು, ಊರು, ವಯಸ್ಸು ಬದಲಿಸುತ್ತಾ ಹೋದರೆ ಕಲಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ವಾರ ಕಳೆಯುವವರೆಗೆ ಕೈ ಹಾಕಬೇಡಿ. 'ಬೂಸ್ಟ್ ಪೋಸ್ಟ್' ಬಟನ್ ಒತ್ತುವುದು ಸುಲಭ, ಆದರೆ ಅದು ಸಾಮಾನ್ಯವಾಗಿ ತರುವುದು ಲೈಕು, ಕಾಮೆಂಟು. ಆಡ್ಸ್ ಮ್ಯಾನೇಜರ್‌ನಲ್ಲಿ 'ಲೀಡ್ಸ್' ಉದ್ದೇಶವನ್ನೇ ಆರಿಸಿ.

ಇನ್‌ಸ್ಟಂಟ್ ಫಾರ್ಮ್ (ಫೇಸ್‌ಬುಕ್ ಒಳಗೇ ತೆರೆಯುವ ವಿಚಾರಣೆಯ ಫಾರ್ಮ್) ಮಾಡುವಾಗ ಮುಖ್ಯವಾಗಿ ಎರಡು ಬಗೆ ಕಾಣುತ್ತವೆ: ಹೆಚ್ಚು ಸಂಖ್ಯೆ ತರುವುದು, ಹೆಚ್ಚು ಆಸಕ್ತಿಯವರನ್ನು ತರುವುದು. ಮೊದಲನೆಯದರಲ್ಲಿ ಹೆಸರು, ನಂಬರು ಪ್ರೊಫೈಲ್‌ನಿಂದ ತಾನಾಗಿ ತುಂಬಿಕೊಂಡು ಒಂದೇ ಒತ್ತಿಗೆ ಹೋಗಿಬಿಡುತ್ತದೆ. 'ನಾನೇನೂ ಕೇಳಿಲ್ಲ' ಎನ್ನುವವರು, ಈಗ ಬಳಕೆಯಲ್ಲಿಲ್ಲದ ಹಳೆಯ ನಂಬರುಗಳು ಬರುವುದು ಇಲ್ಲಿಂದಲೇ. ಎರಡನೆಯದರಲ್ಲಿ ಕಳಿಸುವ ಮೊದಲು ಇನ್ನೊಮ್ಮೆ ನೋಡಿ ಖಚಿತಪಡಿಸುವ ಹಂತವಿದೆ, ಅದನ್ನೇ ಆರಿಸಿ. ಜೊತೆಗೆ ಎರಡು ಪ್ರಶ್ನೆ ಸೇರಿಸಿ: ಬಜೆಟ್ ಎಷ್ಟು (ಮೂರು ಆಯ್ಕೆ ಕೊಡಿ), ಯಾವಾಗ ಕೊಳ್ಳುವ ಯೋಚನೆ (ಈ ತಿಂಗಳು, ಮೂರು ತಿಂಗಳಲ್ಲಿ, ಸುಮ್ಮನೆ ವಿಚಾರಣೆ). ಬೆಲೆಯನ್ನು ಚಿತ್ರದ ಮೇಲೇ ಬರೆಯಿರಿ. ಲೀಡ್ ಕಡಿಮೆ ಬರುತ್ತದೆ, ಫೋನ್ ಮಾಡುವ ಹುಡುಗನ ಗಂಟಲು ಉಳಿಯುತ್ತದೆ. ಬಂದ ಲೀಡ್‌ಗಳನ್ನು 90 ದಿನದೊಳಗೆ ಇಳಿಸಿಕೊಳ್ಳದಿದ್ದರೆ ಮತ್ತೆ ಸಿಗುವುದಿಲ್ಲ. ಅಷ್ಟು ದಿನ ಕಾಯುವುದೇ ತಪ್ಪು, ಬಂದ ಕೂಡಲೇ ಫೋನಿಗೆ ಸೂಚನೆ ಬರುವಂತೆ ಜೋಡಿಸಿ. ಜಾಹೀರಾತನ್ನು ನಿಗದಿತ ಗಂಟೆಗಳಲ್ಲಿ ಮಾತ್ರ ಓಡಿಸಬೇಕಾದರೆ ಮೆಟಾದಲ್ಲಿ ದಿನದ ಬಜೆಟ್ಟಿನ ಬದಲು ಒಟ್ಟು ಅವಧಿಯ ಬಜೆಟ್ ಆರಿಸಬೇಕು.

ಸಣ್ಣ ಪಟ್ಟಣಗಳಲ್ಲಿ ಫಾರ್ಮ್‌ಗಿಂತ ನೇರ ವಾಟ್ಸಾಪ್‌ಗೆ ಕರೆದೊಯ್ಯುವ ಜಾಹೀರಾತು ಮೇಲು. ಜನ ಫಾರ್ಮ್ ತುಂಬುವುದಕ್ಕಿಂತ ಒಂದು ವಾಯ್ಸ್ ಮೆಸೇಜ್ ಹಾಕುವುದನ್ನು ಇಷ್ಟಪಡುತ್ತಾರೆ, ನಂಬರೂ ನಿಜವಾದದ್ದೇ ಇರುತ್ತದೆ.

ಯಾವ ಊರಿನವರಿಗೆ ತೋರಿಸಬೇಕು ಎಂಬಲ್ಲಿ ಯೋಚನೆ ಬೇಕು. ಹಾಸನದ ಸೈಟು ಕೊಳ್ಳುವವರು ಬೆಂಗಳೂರಿನಲ್ಲಿ ಕೆಲಸದಲ್ಲಿರಬಹುದು. ಉಡುಪಿ, ಮಂಗಳೂರಿನ ಫ್ಲಾಟಿಗೆ ಮುಂಬೈಯಲ್ಲೂ ಕೊಲ್ಲಿ ದೇಶಗಳಲ್ಲೂ ಗಿರಾಕಿಗಳಿದ್ದಾರೆ. ಆದರೆ ಹೊರದೇಶದವರಿಗೆ ಜಾಹೀರಾತು ಹಾಕುವ ಮುಂಚೆ ನೆನಪಿರಲಿ: ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನಿಯಮದ ಪ್ರಕಾರ ಎನ್‌ಆರ್‌ಐಗಳು (ಅನಿವಾಸಿ ಭಾರತೀಯರು), ಒಸಿಐಗಳು (ಸಾಗರೋತ್ತರ ಭಾರತೀಯ ಕಾರ್ಡ್ ಇರುವ ವಿದೇಶಿ ಪೌರರು) ಇಲ್ಲಿ ಮನೆ, ವಾಣಿಜ್ಯ ಆಸ್ತಿ ಕೊಳ್ಳಬಹುದು, ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಸಕಲೇಶಪುರದ ಕಾಫಿ ತೋಟದ, ಗುಂಟೆ ಲೆಕ್ಕದ ಫಾರ್ಮ್ ಪ್ಲಾಟಿನ ಜಾಹೀರಾತನ್ನು ದುಬೈಗೆ ತೋರಿಸಿದರೆ ಲೀಡ್ ಬಂದೀತು, ವ್ಯವಹಾರ ಆಗದು.

ಗೂಗಲ್ ಬಿಸಿನೆಸ್ ಪ್ರೊಫೈಲ್: ಪುಕ್ಕಟೆ, ಹಾಗಾಗಿ ಎಲ್ಲಕ್ಕಿಂತ ಮೊದಲು

'ಹತ್ತಿರದ ರಿಯಲ್ ಎಸ್ಟೇಟ್ ಏಜೆಂಟ್' ಎಂದು ಹುಡುಕಿದಾಗ ನಕ್ಷೆಯ ಜೊತೆ ಬರುವ ಮೂರ್ನಾಲ್ಕು ಹೆಸರುಗಳು ಇಲ್ಲಿಂದ ಬರುತ್ತವೆ. ಹತ್ತಿರ ಇದೆಯೇ, ಹುಡುಕಾಟಕ್ಕೆ ಹೊಂದುತ್ತದೆಯೇ, ಎಷ್ಟು ಹೆಸರು ಮಾಡಿದೆ, ಈ ಮೂರನ್ನು ಗೂಗಲ್ ನೋಡುತ್ತದೆ. ಬೋರ್ಡಿನ ಮೇಲೆ ಇರುವ ಹೆಸರನ್ನೇ ಹಾಕಿ. 'ಶ್ರೀ ಗಣೇಶ ರಿಯಲ್ ಎಸ್ಟೇಟ್ ಬೆಸ್ಟ್ ಸೈಟ್ಸ್ ಮೈಸೂರು' ಎಂದು ಕೀವರ್ಡ್ ತುರುಕಿದರೆ ಪ್ರೊಫೈಲ್ ಅಮಾನತಾಗುವ ಅಪಾಯವಿದೆ. ಈಗ ಪರಿಶೀಲನೆಗೆ ಹೆಚ್ಚಾಗಿ ವಿಡಿಯೊ ಕೇಳುತ್ತಾರೆ: ರಸ್ತೆಯ ಬೋರ್ಡು, ಅಂಗಡಿಯ ನಾಮಫಲಕ, ಒಳಗಿನ ಕಚೇರಿ, ಬೀಗ ತೆರೆಯುವುದು, ಎಲ್ಲ ಒಂದೇ ಓಟದಲ್ಲಿ ಚಿತ್ರಿಸಿ. ಮನೆಯಿಂದಲೇ ಕೆಲಸ ಮಾಡುವವರು ವಿಳಾಸ ಮುಚ್ಚಿಟ್ಟು ಸೇವಾ ಪ್ರದೇಶವನ್ನು ಮಾತ್ರ ತೋರಿಸಬಹುದು.

ರಿವ್ಯೂ ಕೇಳಲು ಒಳ್ಳೆಯ ಹೊತ್ತು ನೋಂದಣಿ ಮುಗಿದ ದಿನದ ಸಂಜೆ. ಲಿಂಕ್ ಕಳಿಸಿ, ಯಾವ ಬಡಾವಣೆ, ಯಾವ ಕಾಗದಪತ್ರಕ್ಕೆ ಸಹಾಯವಾಯಿತು ಎಂದು ಬರೆಯಲು ಕೇಳಿ. ದುಡ್ಡು ಕೊಟ್ಟು ಬರೆಸಿದ ರಿವ್ಯೂಗಳನ್ನು ಗೂಗಲ್ ಅಳಿಸುತ್ತದೆ, ಓದುವವರಿಗೂ ಅವು ಗೊತ್ತಾಗುತ್ತವೆ.

ವಾಟ್ಸಾಪ್ ಬಿಸಿನೆಸ್

ಇದು ಹೊಸ ಗಿರಾಕಿಯನ್ನು ಹಿಡಿಯುವ ದಾರಿಯಲ್ಲ, ಬಂದವರನ್ನು ಕೈಬಿಡದಿರುವ ದಾರಿ. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ ಮಿತಿ, ಅದೂ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಆದ್ದರಿಂದ ಮೊದಲ ಮಾತಿನಲ್ಲೇ 'ನಂಬರು ಸೇವ್ ಮಾಡಿಕೊಳ್ಳಿ, ಇದೇ ಬಜೆಟ್ಟಿನ ಸೈಟು ಬಂದರೆ ಕಳಿಸುತ್ತೇನೆ' ಎಂದು ಹೇಳಿ. ಲೇಬಲ್‌ಗಳನ್ನು ಬಜೆಟ್ಟಿನ ಪ್ರಕಾರ ಮಾಡಿ: 30 ಲಕ್ಷದ ಒಳಗೆ, 30ರಿಂದ 60, ಬಾಡಿಗೆ, ಮಾಲೀಕರು. ಎಲ್ಲರಿಗೂ ಎಲ್ಲವನ್ನೂ ಕಳಿಸಿದರೆ ಬ್ಲಾಕ್ ಮಾಡುತ್ತಾರೆ. ಬ್ಲಾಕ್‌ಗಳು ಹೆಚ್ಚಾದರೆ ನಂಬರೇ ನಿಷೇಧವಾಗಬಹುದು.

ಮೊದಲ ಉತ್ತರ ಹೀಗಿರಲಿ: 'ನಮಸ್ಕಾರ, ನೀವು ಕೇಳಿದ ದಟ್ಟಗಳ್ಳಿಯ 30x40 ಸೈಟು ಪೂರ್ವಾಭಿಮುಖ, 30 ಅಡಿ ರಸ್ತೆ, ಖಾತೆ ಮಾಲೀಕರ ಹೆಸರಿನಲ್ಲೇ ಇದೆ. ಭಾನುವಾರ ಬೆಳಿಗ್ಗೆ 10ಕ್ಕೆ ಅನುಕೂಲವೋ, ಸಂಜೆ 4ಕ್ಕೋ?' ಕೊನೆಗೆ ಎರಡು ಹೊತ್ತು ಕೊಟ್ಟು ಕೇಳುವುದರಿಂದ ಮಾತು 'ನೋಡೋಣ' ಎಂಬಲ್ಲಿ ನಿಲ್ಲುವುದಿಲ್ಲ. ಬಿಡಿ ಸೈಟಿನ ನಿಖರ ಲೊಕೇಶನ್ನನ್ನು ವಿಸಿಟ್ ಗೊತ್ತಾಗುವ ಮುಂಚೆ ಕಳಿಸಬೇಡಿ, ಹತ್ತಿರದ ಗುರುತು ಸಾಕು. ಮಾಲೀಕರಿಂದ ಕಮಿಷನ್ ವಿಷಯವನ್ನು ಬರಹದಲ್ಲಿ ಪಡೆದ ಮೇಲಷ್ಟೇ ಪ್ರಚಾರ ಶುರು ಮಾಡಿ.

ಸಾವಿರಾರು ನಂಬರಿನ 'ಡೇಟಾಬೇಸ್' ಮಾರುವವರಿಂದ ದೂರವಿರಿ. ಕೇಳದವರಿಗೆ ಸಾಮಾನ್ಯ ಹತ್ತಂಕಿಯ ನಂಬರಿನಿಂದ ಮಾರಾಟದ ಕರೆ ಮಾಡುವುದು ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮಕ್ಕೆ ವಿರುದ್ಧ. 1909ಕ್ಕೆ ದೂರು ಹೋದರೆ ನಿಮ್ಮ ಸಂಪರ್ಕವೇ ಕಡಿತವಾಗಬಹುದು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಮಾಹಿತಿ ಬಳಸುವುದನ್ನು ಒಪ್ಪುವುದಿಲ್ಲ.

ವಿಡಿಯೊ

ನಿಧಾನದ ದಾರಿ, ಆರು ತಿಂಗಳು ಫಲ ನಿರೀಕ್ಷಿಸಬಾರದು. ಆದರೆ ಒಂದೇ ತಾಲ್ಲೂಕಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಬಂಡವಾಳವಿಲ್ಲ. ಡ್ರೋನ್, ಸಂಗೀತ ಬೇಡ. ಕಾಲಿಗೆ ಚಪ್ಪಲಿ ಹಾಕಿ ಲೇಔಟಿನಲ್ಲಿ ನಡೆಯಿರಿ, ಟೇಪು ಹಿಡಿದು ರಸ್ತೆಯ ಅಗಲ ಅಳೆದು ತೋರಿಸಿ, ಚರಂಡಿ ಎಲ್ಲಿಗೆ ಸೇರುತ್ತದೆ ಎಂದು ಹೇಳಿ, ಮುಖ್ಯರಸ್ತೆಯಿಂದ ಬೈಕಿನಲ್ಲಿ ಬರುವುದನ್ನು ಕತ್ತರಿಸದೆ ತೋರಿಸಿ. ಇಸಿ ಓದುವುದು ಹೇಗೆ, ಮದರ್ ಡೀಡ್ (ಆಸ್ತಿಯ ಮೂಲ ಪತ್ರ) ಎಂದರೇನು, ಎ ಮತ್ತು ಬಿ ಖಾತೆಯ ವ್ಯತ್ಯಾಸ, ಇಂಥ ವಿಷಯಗಳಿಗೆ ಕನ್ನಡದಲ್ಲಿ ನೋಡುಗರು ಬಹಳ. ನಿಯಮ ಬದಲಾದಾಗ ಹಳೆಯ ವಿಡಿಯೊ ತೆಗೆಯಿರಿ. ಕರ್ನಾಟಕದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿದೆ. ಶೇ 1 ಎನ್ನುವ ವಿಡಿಯೊ ನಂಬಿ ಬಂದವರಿಗೆ 50 ಲಕ್ಷದ ಆಸ್ತಿಯಲ್ಲಿ 50,000 ರೂಪಾಯಿ ಕೊರತೆ ಬೀಳುತ್ತದೆ.

ಹಾಗಾದರೆ ಯಾರು ಯಾವುದನ್ನು ಆರಿಸಬೇಕು

ಬಾಡಿಗೆ ಮತ್ತು ರೀಸೇಲ್ ಫ್ಲಾಟಿನವರಿಗೆ ಒಂದು ಪೋರ್ಟಲ್, ಗೂಗಲ್ ಪ್ರೊಫೈಲ್, ವಾಟ್ಸಾಪ್ ಸಾಕು. ಎರಡು ಪೋರ್ಟಲ್‌ಗೆ ಅರ್ಧರ್ಧ ಕಟ್ಟುವುದಕ್ಕಿಂತ ಒಂದರಲ್ಲಿ ಪೂರ್ತಿ ಇರುವುದು ಮೇಲು. ಬಿಲ್ಡರ್‌ನ ಹೊಸ ಲೇಔಟು ಮಾರುವವರು ಮೆಟಾ ಮತ್ತು ವಿಡಿಯೊ ಆರಿಸಲಿ, ತಿಂಗಳಿಗೆ ಕನಿಷ್ಠ 15,000 ಇಲ್ಲದಿದ್ದರೆ ಕಾಯಲಿ. ವಿಲ್ಲಾ, ಮಳಿಗೆ, ಗೋದಾಮು ಮಾರುವವರಿಗೆ ಗೂಗಲ್ ಸರ್ಚ್. ಪಟ್ಟಣದ ಬಿಡಿ ಸೈಟುಗಳಿಗೆ ಪ್ರೊಫೈಲ್, ವಾಟ್ಸಾಪ್, ಪುಕ್ಕಟೆ ಲಿಸ್ಟಿಂಗ್‌ಗಳು; ದುಡ್ಡು ಕೊಟ್ಟ ಜಾಹೀರಾತು ಆಮೇಲೆ. ಕೃಷಿ ಜಮೀನಿನವರಿಗೆ ವಿಡಿಯೊವೇ ಮುಖ್ಯ, ಏಕೆಂದರೆ ಗಿರಾಕಿ ದೂರದ ಊರಿನಿಂದ ಬರುವ ಮೊದಲು ದಾರಿ, ನೀರು, ಗಡಿ ನೋಡಬಯಸುತ್ತಾರೆ.

ಕೆಲಸವನ್ನು ಏಜೆನ್ಸಿಗೆ ವಹಿಸುವುದಾದರೆ ಜಾಹೀರಾತು ಖಾತೆ, ಪೇಜು, ಗೂಗಲ್ ಪ್ರೊಫೈಲ್ ಮೂರೂ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ ತೆರೆದು ಅವರಿಗೆ ಪ್ರವೇಶ ಮಾತ್ರ ಕೊಡಿ. ಅವರ ಖಾತೆಯಲ್ಲಿ ಓಡಿಸಿದರೆ ಒಪ್ಪಂದ ಮುಗಿದ ದಿನ ವ್ಯವಸ್ಥೆ ಕಲಿತದ್ದೆಲ್ಲ ಅವರ ಹತ್ತಿರವೇ ಉಳಿಯುತ್ತದೆ. ಲೀಡ್ ಸಂಖ್ಯೆಯ ಗ್ಯಾರಂಟಿ ಕೊಡುವವರನ್ನು, ಅದೇ ಲೀಡನ್ನು ಬೇರೆಯವರಿಗೆ ಕೊಡುವುದಿಲ್ಲ ಎಂದು ಬರೆದುಕೊಡುತ್ತೀರಾ ಎಂದು ಕೇಳಿ. ಜಾಹೀರಾತಿಗೆ ಹೋಗುವ ಹಣ ಮತ್ತು ಅವರ ಕೂಲಿ ಬೇರೆ ಬೇರೆ ಬಿಲ್ಲಿನಲ್ಲಿರಲಿ.

ಯಾವುದನ್ನು ಆರಿಸಿದರೂ ಒಂದು ಶೀಟ್ ಬೇಕು. ಕಾಲಂಗಳು ಇಷ್ಟು: ದಿನಾಂಕ, ಎಲ್ಲಿಂದ ಬಂತು, ಹೆಸರು, ಯಾವ ಆಸ್ತಿ, ಬಜೆಟ್, ಮೊದಲ ಕರೆ ಎಷ್ಟು ನಿಮಿಷಕ್ಕೆ ಹೋಯಿತು, ವಿಸಿಟ್ ದಿನ, ಟೋಕನ್, ಬಿಟ್ಟುಹೋಗಿದ್ದರೆ ಕಾರಣ. ಪೋರ್ಟಲ್‌ಗೆ ಒಂದು ಸಿಮ್, ಜಾಹೀರಾತಿಗೆ ಇನ್ನೊಂದು ಸಿಮ್ ಇಟ್ಟರೆ ಎಲ್ಲಿಂದ ಬಂತೆಂದು ಕೇಳುವ ಗೊಡವೆಯಿಲ್ಲ. ಮೂರು ತಿಂಗಳಿಗೆ ಆ ಶೀಟ್ ತೆರೆದು ಪ್ರತಿ ದಾರಿಯ ಖರ್ಚನ್ನು ವಿಸಿಟ್‌ಗಳಿಂದ ಭಾಗಿಸಿ. ಬಿಟ್ಟುಹೋದ ಕಾರಣಗಳಲ್ಲಿ 'ಫೋನ್ ತಡ' ಎಂಬುದೇ ಹೆಚ್ಚಿದ್ದರೆ ಜಾಹೀರಾತಿನ ಜಾಗ ಬದಲಿಸುವುದು ಬೇಡ. ಮುಂದಿನ ತಿಂಗಳ ಬಜೆಟ್ಟಿನಲ್ಲಿ ಅರ್ಧವನ್ನು ಫೋನ್ ಎತ್ತುವವರ ಸಂಬಳಕ್ಕೆ ತೆಗೆದಿಡಿ. 'ಖಾತೆ ಸರಿಯಿಲ್ಲ', 'ಬೆಲೆ ಬೇರೆ ಹೇಳಿದರು' ಎಂಬುದೇ ಹೆಚ್ಚಿದ್ದರೆ ಲಿಸ್ಟಿಂಗ್ ತಿದ್ದಿ. ಎರಡೂ ಸರಿಯಿದ್ದು ವಿಸಿಟ್ ಬರುತ್ತಿಲ್ಲವೆಂದರೆ ಆಗ ಆ ದಾರಿಯನ್ನು ನಿಲ್ಲಿಸಿ, ಪ್ಯಾಕೇಜು ನವೀಕರಿಸುವ ಫೋನಿಗೆ ಶೀಟ್ ನೋಡಿಯೇ ಉತ್ತರ ಕೊಡಿ.